ಕೊಂಡಿ

ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ
ಗಿರಣಿಯ ಮ್ಯಾಲಿನ ಒಂದೇ ಒಂದು ಖೋಲಿಯಲ್ಲಿ ನನ್ನ ಕೆಲಸ.
ಕೆಳಗೆ ಖಾರ ಕುಟ್ಟುತ್ತಾರೆ,
ಕೀಬೋರ್ಡಿನ ಸಂದಿಯೊಳಗೂ ಬ್ಯಾಡಗಿ ಕೆಂಪು.
ಸೀನುತ್ತ ಬರೆದ ಸಾಫ್ಟ್‌ವೇರು ನನ್ನದು:
ಯಾವ ಎಳೆ ಮೇಲೆ, ಯಾವ ಎಳೆ ಕೆಳಗೆ,
ಮಗ್ಗಕ್ಕೆ ಹೇಳಿಕೊಡುವುದು.

ಹುಚ್ಚೇಶಣ್ಣ, ಹದಿನಾರು ಮಗ್ಗದ ಧಣಿ, ಅಂದ:
"ಹೊರಗಿನವ್ರೂ ಸೆರಗಿನ ಮಾದರಿ ತಾವ ಬರದು ಕಳಸಲಿ, ತಂಗಿ.
ಬಾಗಲಾ ತೆರಿ."
ತೆರೆದೆ.

ಮೊದಲ ವಾರ ಬಂದದ್ದು ಒಂದೇ ಕಡತ.
ಹೆಸರಿಲ್ಲ, ಊರಿಲ್ಲ, ಇನ್ನೂರ ಹನ್ನೊಂದು ಸಾಲು.
ಓದಿ ನೋಡಿದೆ. ಅರ್ಧ ತಿಳಿಯಿತು.
ಉಳಿದರ್ಧ
ಬಾಯಿ ಕಟ್ಟಿದ ಚೀಲ.

ನಮ್ಮಲ್ಲಿ ಬಂದವರಿಗೆ ನೀರು ಕೊಡುತ್ತೇವೆ, ಬೆಲ್ಲ ಕೊಡುತ್ತೇವೆ,
ಪಡಸಾಲಿಯಲ್ಲಿ ಕಂಬಳಿ ಹಾಸುತ್ತೇವೆ,
ಯಾರ ಪೈಕಿ ಎಂದು ಕೇಳುವುದು ಆಮೇಲೆ.
ಆದರೆ ಜ್ವಾಳದ ಹಗೇವು ಎಲ್ಲೈತಿ ಅಂತ
ಯಾವ ಬೀಗರಿಗೂ ಹೇಳಿದವಳಲ್ಲ ನಮ್ಮವ್ವ.

ಹಾಗೇ ಕೂರಿಸಿದೆ ಅದನ್ನು.
ಕಿಟಕಿ ಇಲ್ಲದ ಕೋಣೆ, ಒಂದು ಚೌಕ ಕಾಗದ, ಏಳು ಬಣ್ಣ.
ಎಣಿಸಿ ಐದು ಲಕ್ಷ ಹೆಜ್ಜೆ,
ಆಮೇಲೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು.
ವೇಳೆ ಎಷ್ಟು ಎಂದು ಕೇಳಿತು.
ನಿಂತ ಗಡಿಯಾರ ತೋರಿಸಿದೆ.
ಇಂಟರ್ನೆಟ್ ಕೇಳಿತು.
ಆ ಹೆಸರಿನದು ಈ ಲೋಕದಲ್ಲಿಲ್ಲ ಎಂದೆ. ಸುಳ್ಳಲ್ಲ,
ಆ ಲೋಕ ಕಟ್ಟಿದವಳು ನಾನೇ,
ಕಟ್ಟುವಾಗ ಆ ಶಬ್ದವನ್ನೇ ಒಳಗಿಟ್ಟಿರಲಿಲ್ಲ.

ಗಿರಾಕಿಗಳ ವಹಿ ಕೇಳಿತು.
ರಾತ್ರಿ ಒಂದೂವರೆ ತನಕ, ನಲವತ್ತೊಂದು ಸಲ,
ಬೇರೆ ಬೇರೆ ವೇಷದಲ್ಲಿ,
ಒಮ್ಮೆ ಧಣಿಯ ಹೆಸರಿನಲ್ಲಿ, ಒಮ್ಮೆ ನನ್ನದೇ ಹೆಸರಿನಲ್ಲಿ.
ಕದವೆಂದು ತಿಳಿದು ಗೋಡೆ ಬಡಿಯುವವರ ಹಾಗೆ
ಬಡಿಯಿತು.
ನಾನು ಎಚ್ಚರಿದ್ದು ಎಣಿಸಿದೆ.
ಸಿಟ್ಟು ಬರಲಿಲ್ಲ, ನಿದ್ದೆಯೂ ಬರಲಿಲ್ಲ.

ಆ ವಹಿಯಲ್ಲಿ ಏನಿದೆ ಹೇಳಲೆ?
ಹುನಗುಂದದ ಸಿದ್ದವ್ವ, ಮಗಳ ಕುಬಸದ ಸೀರೆ, ಆರುನೂರು ಬಾಕಿ.
ಅಮೀನಗಡದ ಮೌಲಾಬಿ, ಎರಡು ಸೀರೆ,
ಫೋನ್ ಹಚ್ಚಬ್ಯಾಡ್ರಿ, ಮನಿಯಾಗ ಗೊತ್ತಿಲ್ಲ.
ಇಷ್ಟೇ.
ಇಷ್ಟನ್ನು ಕಾಯುವುದಕ್ಕೆ ಅಷ್ಟೆಲ್ಲ.

ಬೆಳಗಾದ ಮೇಲೆ ಕಾಗದ ನೋಡಿದೆ.
ಒಂದು ಕೈ ಗೋಡೆ ಬಡಿಯುತ್ತಿದ್ದಾಗ
ಇನ್ನೊಂದು ಕೈ ಸೆರಗು ಬಿಡಿಸಿತ್ತು.
ತೆನೆಯನ್ನು ತಲೆಕೆಳಗು ಹಿಡಿದಂತೆ,
ಹಣಿಗೆಯ ಹಲ್ಲು ಒಂದು ಬಿಟ್ಟು ಒಂದು ಮುರಿದಂತೆ,
ಮುರಿದಲ್ಲೇ ಚಂದ.
ಹುಚ್ಚೇಶಣ್ಣ ಕನ್ನಡಕ ತೆಗೆದ, ಹಾಕಿದ, ಮತ್ತೆ ತೆಗೆದ.
"ನಮ್ಮಪ್ಪನೂ ನೋಡಿಲ್ಲ ಇಂಥಾದ್ದು.
ಮಗ್ಗಕ್ಕ ಏರಸು. ಆ ಮನಶಾನ್ನ ಒಳಗ ಕರಿ.
ಇಂಥಾ ಕೈ ಕಳ್ಳರದು ಇರತೈತೇನು?"

ಇರತೈತಿ ಅಂದೆ. ಇರದೆಯೂ ಇರಬಹುದು.
ಮಾದರಿ ಏರಿಸುತ್ತೇನೆ, ಕೀಲಿ ಕೊಡುವುದಿಲ್ಲ.
ಅವನಿಗೆ ಬೇಸರವಾಯಿತು.
ನನಗೂ, ತುಸು.

ಸಂಜೆ ಮನೆಯಲ್ಲಿ ಆಯಿ
ಒಡಲಿಗೆ ಸೆರಗು ಕೂಡಿಸುತ್ತ ಕುಳಿತಿದ್ದಳು.
ಒಡಲು ಕಪ್ಪು ನೂಲು, ಸೆರಗು ಕೆಂಪು ರೇಷ್ಮೆ.
ಇದರ ಕುಣಿಕೆಯಲ್ಲಿ ಅದರ ಕುಣಿಕೆ ತೂರಿಸಿ
ಹೊಸೆದು ಬಿಡುವುದು,
ಮತ್ತೊಂದು, ಮತ್ತೊಂದು, ಕಣ್ಣು ಸೋಲುವ ತನಕ.
ಕೆಂಪು ಕಪ್ಪಿನ ಮನೆಗೆ ಹೋಗುವುದಿಲ್ಲ.
ಕಪ್ಪು ಕೆಂಪಿನ ಕಡೆ ಬರುವುದಿಲ್ಲ.
ಬೆರಳಿಗೆ ಬೆರಳು ಕೊಟ್ಟು ಅಲ್ಲಿಂದಲೇ ಹಿಂದಿರುಗುತ್ತವೆ.

"ಬಿಚ್ಚೂದಿಲ್ಲೇನ ಆಯಿ?" ಗೊತ್ತಿದ್ದೇ ಕೇಳಿದೆ.
"ಎಳದಷ್ಟೂ ಬಿಗಿ ಆಗತೈತಿ.
ಎರಡೂ ಕಲಿಸಿ ನೇದ್ರ ಸೀರಿ ಆಗೂದಿಲ್ಲವ್ವಾ,
ಗೋಜಲ ಆಗತೈತಿ."
ನನ್ನ ಕೆಲಸದ ಬಗ್ಗೆ ಆಕೆಗೆ ಏನೂ ಗೊತ್ತಿಲ್ಲ.
ದೀಪ ಇತ್ತ ಸರಸು ಅಂದಳು, ಸರಿಸಿದೆ.

ಉಂಡು ಮತ್ತೆ ಖೋಲಿಗೆ ಹೋದೆ.
ಎರಡನೆಯ ಕಡತ ಬಂದಿತ್ತು, ಅದೇ ಕೈ.
ಈ ಸಲ ವಹಿ ಕೇಳುವ ಮೊದಲು
ಎಂಟನೆಯ ಬಣ್ಣ ಕೇಳಿತು.
ಕೊಟ್ಟೆ.
ಗಡಿಯಾರಕ್ಕೆ ಮಾತ್ರ ಕೀ ಕೊಡಲಿಲ್ಲ.