ಒಂದು ಬಟ್ಟು

ಉಮದಿಯಲ್ಲಿ ಏಪ್ರಿಲ್ ರಾತ್ರಿ. ಮಾಳಿಗೆಯ ಗೋಡೆಗೆ
ಶಾಲೆಯಿಂದ ತಂದು ನೇತುಹಾಕಿದ ಥರ್ಮಾಮೀಟರು
ಹನ್ನೊಂದಾದರೂ ಮೂವತ್ತೊಂದರಿಂದ ಇಳಿಯಲೊಲ್ಲದು.
ಪಕ್ಕದ ಮಾಳಿಗೆಯಲ್ಲಿ ಖಾಜಾಬಿ,
ತೊಡೆಯ ಮೇಲೆ ಅರ್ಧ ಹೊಲಿದ ಕೌದಿ,
ಒಂದು ಕಣ್ಣು ಮುಚ್ಚಿ
ಹುಣ್ಣಿಮೆಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಾಳೆ.

ಮೇಲೆ ಒಂದು ವಿಮಾನ.
ಹಿಂದೆ ಎಳೆದ ಬಿಳಿ ಎಳೆ ಅಳಿಯಲಿಲ್ಲ.
ಹಿಂಜಿತು, ಅರಳೆಯಾಯಿತು,
ಚಂದ್ರನ ಅರ್ಧ ಮುಖಕ್ಕೆ ಬಂತು.

‘ಮಾಸ್ತರ, ಅದೇನ್ ಹೊಲ್ಯಾಕತ್ತೈತಿ ಅಲ್ಲಿ?’

ಹೇಳಿದೆ:
ಅಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ.
ಹೊಗೆಯ ಕಣಕ್ಕೆ ಹಬೆ ಅಂಟಿ ಹಿಮದ ಪುಡಿಯಾಗುತ್ತದೆ.
ಗಾಳಿ ಮೊದಲೇ ಒದ್ದೆಯಿದ್ದರೆ ಪುಡಿ ಆರುವುದಿಲ್ಲ, ಹಾಸಿಕೊಳ್ಳುತ್ತದೆ.
ಹಗಲು ಒಂದಿಷ್ಟು ಬಿಸಿಲನ್ನಾದರೂ ತಡೆದೀತು;
ರಾತ್ರಿ ಮಾತ್ರ, ನೆಲ ಬಿಟ್ಟ ಬಿಸಿಯುಸಿರನ್ನು
ನೆಲಕ್ಕೇ ಹೊದಿಸುತ್ತದೆ.

‘ಬ್ಯಾಸಿಗ್ಯಾಗ ಕೌದಿ? ಬೇಡಿದವ್ರ್ಯಾರು?
ನನಗಂತೂ ಈ ನಾಕ್ ತಿಂಗ್ಳ ಒಂದೂ ಗಿರಾಕಿಲ್ಲ.’

ಎಲ್ಲ ವಿಮಾನವೂ ಅಲ್ಲ ಖಾಜಾಬಿ, ಅಂದೆ.
ಒದ್ದೆ ಗಾಳಿಯ ಪದರಕ್ಕೆ ಸಿಕ್ಕ ಕೆಲವೇ ಕೆಲವು.
ಮೊದಲೇ ಗೊತ್ತಾದರೆ, ಎರಡು ಸಾವಿರ ಅಡಿ
ಮೇಲೋ ಕೆಳಗೋ ಸರಿದರೆ, ಗೆರೆಯೇ ಬೀಳದು.
ಎಣ್ಣೆ ತುಸು ಹೆಚ್ಚು ಸುಟ್ಟೀತು, ಅಷ್ಟೇ.

ಅವಳು ದಾರ ಕಚ್ಚಿ ಹರಿದಳು.
‘ಜೀರ್ಣಾದ ಅರಿವ್ಯಾಗ ಹೊಲಿಗಿ ನಿಲ್ಲಂಗಿಲ್ಲ.
ಸೂಜಿ ಒಂದ್ ಬಟ್ಟು ಸರಿಸ್ತೀವಿ.
ಇದಕ್ಯಾಕ ಇಷ್ಟು ವಿಚಾರ?’

ನಾನು ಸುಮ್ಮನಾದೆ.
ಗೆರೆ ಬೀಳದಿದ್ದರೂ ಹೊಗೆ ಹೊಗೆಯೇ,
ಆ ಲೆಕ್ಕ ಬೇರೆ, ಅದು ತೀರಿಲ್ಲ ಎಂದು ಹೇಳಲಿಲ್ಲ.
ಹೋದ ವರ್ಷ ತರಬೇತಿಗೆ ನಾನೂ ರಾತ್ರಿ ಹಾರಿದ್ದೆ,
ಕೊಟ್ಟ ಕಂಬಳಿ ಸಾಲದೆ ಇನ್ನೊಂದು ಕೇಳಿದ್ದೆ,
ಅದನ್ನೂ ಹೇಳಲಿಲ್ಲ.
ಕಿಟಕಿಯಲ್ಲಿ ರೆಕ್ಕೆ ಕಂಡಿತ್ತು, ಊರುಗಳ ದೀಪ ಕಂಡಿತ್ತು.
ನಾವು ಎಳೆದ ಗೆರೆ
ನಮ್ಮ ಕಿಟಕಿಗೆ ಕಾಣುವುದಿಲ್ಲ.

ಒಂದೂವರೆಗೆ ಮತ್ತೊಂದು ಬಂತು, ಅದೇ ದಾರಿ.
ಕೆಂಪು ದೀಪ ಮಿಣಮಿಣ.
ಕತ್ತು ನೋಯುವಷ್ಟು ಹೊತ್ತು ಕಾದೆ.
ಹಿಂದೆ ಏನೂ ಇಲ್ಲ,
ಬರೀ ಚುಕ್ಕಿ, ಇದ್ದಲ್ಲೇ.

ಅಲ್ಲಿ ಗಾಳಿ ಒಣಗಿತ್ತೋ,
ಎಲ್ಲೋ ಕೂತು ಯಾರೋ ನಕ್ಷೆ ನೋಡಿ
ಒಂದು ಬಟ್ಟು ಸರಿಸಿದರೋ.
ಇಲ್ಲಿಂದ ತಿಳಿಯುವ ಉಪಾಯವಿಲ್ಲ.

‘ಖಾಜಾಬಿ’ ಎಂದು ಕರೆದೆ, ತೋರಿಸಲು.
ಅವಳಿಗೆ ನಿದ್ದೆ ಹತ್ತಿತ್ತು.
ಹೊದಿಕೆಯಿಲ್ಲ,
ಕೌದಿ ಮಡಚಿ ತಲೆಯ ಕೆಳಗೆ,
ಸೂಜಿ ಇನ್ನೂ ಅದರ ಅಂಚಿನಲ್ಲೇ ಚುಚ್ಚಿಕೊಂಡಿತ್ತು.