ಮನೆಯೇ ಹೋಗುತ್ತದೆ

ಅಕ್ಟೋಬರ್ ಹದಿನೇಳು. ಗಾಳಿ ಬೀಳುವುದನ್ನೇ ಕಾದು
ಬೆಳಗಿನ ಆರಕ್ಕೆ ಫೋನು ಮಾಡಿದೆ ಎರಡು ಮನೆಗೆ.
ಮನೆ ಕಟ್ಟಿ ನೋಡು ಅನ್ನುತ್ತಾರೆ ತಿಳಿದವರು;
ಕಟ್ಟಿದ್ದನ್ನು ವರ್ಷಕ್ಕೆರಡು ಸಲ
ಎಳೆದು ನೋಡು ಅಂದವರಿಲ್ಲ.

ಹನ್ನೆರಡು ಕಮಾನು, ಬಗ್ಗಿಸಿದ ಕೊಳವೆ,
ಮೇಲೆ ಹಾಲಿನ ಕೆನೆಯಂಥ ಪ್ಲಾಸ್ಟಿಕ್ಕು,
ಕೆಳಗೆ ಜಾರುಬಂಡಿಯ ಹಾಗೆ ಮೂತಿ ಎತ್ತಿದ ಎರಡು ಉದ್ದ ಪೈಪು.
ಇಷ್ಟೇ ಮನೆ. ಅಡಿಪಾಯವಿಲ್ಲ, ಹೊಸಿಲಿಲ್ಲ,
ಬಾಗಿಲಿಗೆ ಮಾತ್ರ ಒಂದು ಚಿಲಕ,
ಅದೂ ನಾಯಿಗೆ ಹೆದರಿ.

ಬೇಸಿಗೆಯೆಲ್ಲ ಟೊಮೇಟೊ ಸಾಕಿದ ಮನೆ.
ನಿನ್ನೆ ಬಳ್ಳಿ ಕಿತ್ತಾಯಿತು; ಬೆರಳ ತುದಿಯಲ್ಲಿನ್ನೂ
ಸೋಪಿಗೆ ಬಗ್ಗದ ಹಸಿರುಗಪ್ಪು.
ಆ ನೆಲ ಇನ್ನು ಬಯಲು. ಮಳೆ ಬರಲಿ, ಹಿಮ ಕೂರಲಿ,
ಐದು ತಿಂಗಳ ಉಪ್ಪನ್ನು ತೊಳೆದು ಇಳಿಸಲಿ.
ಪಕ್ಕದ ಪಟ್ಟಿಯಲ್ಲಿ, ಬರೀ ಆಕಾಶದಡಿ,
ಆಗಸ್ಟಿನಲ್ಲಿ ಬಿತ್ತಿದ ಪಾಲಕ್ಕು ಕಾಯುತ್ತಿದೆ,
ನಾಲ್ಕು ಸಾಲು ಕ್ಯಾರೆಟ್ಟೂ.
ಗಿಡ ಮನೆಗೆ ಬರುವುದಿಲ್ಲ ನಮ್ಮಲ್ಲಿ.
ಮನೆಯೇ ಹೋಗುತ್ತದೆ.

ಮೂಲೆಗೊಬ್ಬರು ಬೇಕು. ಯೂಡೋರ್ ಬಂದ, ಸೊಂಟಕ್ಕೆ ಪಟ್ಟಿ ಬಿಗಿದು,
ಹೆಗಲ ಮೇಲೆ ದೋಣಿಯ ಹಗ್ಗ, ಮೀನಿನ ವಾಸನೆಯದು.
ಆನ್ಸೆಲ್ಮ್ ಬಂದ, ಶಾಲೆಯ ಬಸ್ಸಿಗೆ ಇನ್ನೂ ನಲವತ್ತು ನಿಮಿಷ.
ನಾನು ಮೂರನೆಯವಳು.
ನಾಲ್ಕನೆಯ ಮೂಲೆ ನನ್ನ ಅಕ್ಕನದು;
ಅವಳೀಗ ಮಂಕ್ಟನ್ನಿನ ಆಸ್ಪತ್ರೆಯಲ್ಲಿ
ಹೊಸ ಮೊಣಕಾಲು ಕಲಿಯುತ್ತಿದ್ದಾಳೆ.

ಬೇಲಿಯಾಚೆಯಿಂದ ರೋಸೇರ್ ಬಂದ.
ಕರೆದಿರಲಿಲ್ಲ. ಆರು ವರ್ಷದಿಂದ ಮಾತಿಲ್ಲ,
ಒಂದು ಚರಂಡಿಯ ವಿಷಯಕ್ಕೆ.
ಮೂರು ಚಳಿಗಾಲದ ಹಿಂದೆ, ಗೂಟ ಸಡಿಲಾದ ಒಂದು ರಾತ್ರಿ,
ಇದೇ ಮನೆ ಹಾರಿ ಅವನ ಆಲೂಗಡ್ಡೆ ಹೊಲದಲ್ಲಿ ಮಗುಚಿ ಬಿದ್ದಿತ್ತು.
ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ಕು ಬೇಲಿಯ ಮೇಲೆ,
ದುಪ್ಪಟಿಯಷ್ಟು ಅಚ್ಚುಕಟ್ಟಾಗಿ ಮಡಿಸಿ,
ನೆಟ್ಟು ಬೋಲ್ಟುಗಳೆಲ್ಲ ಒಂದು ತಗಡಿನ ಡಬ್ಬದಲ್ಲಿ.
ಉಪಕಾರವಾಯಿತು ಅನ್ನಲಿಲ್ಲ ನಾನು. ಹೇಗನ್ನುವುದು,
ಮಾತೇ ಬಿಟ್ಟವನಿಗೆ?

ಒಂದು, ಎರಡು, ಎಂದ ಯೂಡೋರ್. ಅಲುಗಲಿಲ್ಲ.
ಮತ್ತೆ. ಕಮಾನುಗಳೆಲ್ಲ ಒಮ್ಮೆ ನರಳಿ ಸುಮ್ಮನಾದವು.
ರೋಸೇರ್ ಹಗ್ಗ ಬಿಟ್ಟು, ಸುತ್ತಿ ಬಂದು,
ನನ್ನದೇ ಮೂಲೆಯಲ್ಲಿ ನಾನೇ ಕೀಳಲು ಮರೆತ ಗೂಟವನ್ನು
ಬೆರಳಿನಿಂದ ತೋರಿಸಿದ. ಬೈಯಲೂ ಇಲ್ಲ.
ಕಿತ್ತೆ.
ಆಮೇಲೆ ಹೊರಟಿತು ನೋಡಿ,
ಇಬ್ಬನಿಯ ಹುಲ್ಲಿನ ಮೇಲೆ, ತುಂಬಿದ ಗಬ್ಬದ ಹಸು
ಕೊಟ್ಟಿಗೆ ಬದಲಿಸುವ ನಿಧಾನದಲ್ಲಿ,
ಹೊಟ್ಟೆಯೊಳಗೆ ಬರೀ ಬೆಳಕು.

ಪಾಲಕ್ಕಿನ ತಲೆಯ ಮೇಲೆ ನಿಲ್ಲಿಸಿದೆವು.
ಗೂಟ ಆಳಕ್ಕೆ ಹೊಡೆ, ಅಂದ ರೋಸೇರ್.
ಆರು ವರ್ಷದ ಮೇಲೆ ಮೂರು ಪದ.

ಈ ಕೊಲ್ಲಿಗೆ ಸೆಕೆಯ ಕೊಲ್ಲಿ ಎಂದು ಹೆಸರಿಟ್ಟವನು
ಜುಲೈನಲ್ಲಿ ಬಂದು ಹೋಗಿರಬೇಕು.
ಈಗ ಜನವರಿ. ಹಗಲು ಹತ್ತು ಗಂಟೆಯೂ ಇಲ್ಲ.
ಇಷ್ಟು ಬೆಳಕಿಗೆ ಯಾವುದೂ ಬೆಳೆಯುವುದಿಲ್ಲ,
ಬೆಳೆದದ್ದು ನಿಂತಿರುತ್ತದೆ.
ಮನೆಯ ಕೆಲಸವೂ ಅಷ್ಟೇ, ನಿಲ್ಲಿಸಿಕೊಳ್ಳುವುದು.
ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ಒಳಗೆ ಪಾಲಕ್ಕು
ಗಾಜಿನ ಚೂರಾಗಿ ನೆಲಕ್ಕಂಟಿ ಮಲಗಿದೆ.
ಮುಟ್ಟಬಾರದು. ಈ ಹೊತ್ತಿನಲ್ಲಿ ಕೈಯ ಅಕ್ಕರೆಯೂ ಕೊಲ್ಲುತ್ತದೆ.
ಹತ್ತರ ಸುಮಾರಿಗೆ ಬಿಸಿಲು ಪ್ಲಾಸ್ಟಿಕ್ಕಿಗೆ ಬಂದು,
ಹನಿ ಉದುರಿ,
ಒಂದೊಂದೇ ಎಲೆ ಮೊಣಕೈ ಊರಿ ಏಳುತ್ತದೆ,
ಏನೂ ಆಗಿಲ್ಲವೆಂಬಂತೆ.

ಆಗ ಕೊಯ್ಯುತ್ತೇನೆ. ಯೂಡೋರನಿಗೊಂದು ಚೀಲ, ಅಕ್ಕನಿಗೊಂದು.
ಚಳಿಗೆ ಹೆದರಿ ಸಕ್ಕರೆಯಾದ ಕ್ಯಾರೆಟ್ಟು ಏಳೆಂಟು
ಆ ಹಳೆಯ ತಗಡಿನ ಡಬ್ಬದಲ್ಲಿ, ಬೇಲಿಯ ಮೇಲೆ.
ಸಂಜೆ ನೋಡಿದರೆ ಡಬ್ಬ ಖಾಲಿ,
ಒಳಗೆ ಹಿಮ ಬೀಳದ ಹಾಗೆ
ಬೋರಲು ಹಾಕಿದೆ.