ಬಲಗಡೆ ಕುರ್ಚಿ

ದಿಲ್ಲಿಯಿಂದ ಬಂದ ಹಾಳಿಯೊಳಗ
ನನ್ನ ಎತ್ತರ, ತೂಕ, ಕಣ್ಣಿನ ನಂಬರ, ಎಲ್ಲಾ ಬರೋಬ್ಬರಿ ಅದಾವು.
ತಳಕ್ಕ ಒಂದ ಸಾಲು, ಬ್ಯಾರೆ ಶಾಯಿ:
ಒಬ್ಬಂವನ ಹಾರಂಗಿಲ್ಲ.
ಬಾಜೂಕ ಲೈಸನ್ಸ್ ಇದ್ದ ಪೈಲಟ್ ಇರಬೇಕು.

ಎದಿಯೊಳಗ ಒಂದ ಸ್ಟೆಂಟು.
ಪೆನ್ನಿನ ಸ್ಪ್ರಿಂಗಿನಷ್ಟ ಐತಿ ಅಂದ್ರು ಡಾಕ್ಟರು.
ಅದರ ತೂಕಾ ಎಷ್ಟ್ರಿ, ಅಂತ ಕೇಳಿದೆ.
ನಕ್ಕು ಸುಮ್ಮನಾದ್ರು.

ಇಪ್ಪತ್ತಾರು ವರ್ಷ ಗೋಕುಲ ರೋಡಿನ ಈ ಪಟ್ಟಿಯಿಂದ
ಹುಡುಗರನ್ನ ಏರಿಸೇನಿ, ಇಳಿಸೇನಿ.
"ಉಣಕಲ್ ಕೆರಿ ರೆಕ್ಕಿ ತುದಿಗೆ ಬಂತಂದ್ರ ತಿರುಗು.
ಬೈಪಾಸಿನ ಲಾರಿ ಬೆಂಕಿಪೆಟ್ಟಿಗಿಯಷ್ಟ ಕಂಡ್ರ ಎತ್ತರ ಸರಿ ಐತಿ.
ಆಷಾಢದ ಗಾಳಿ ಪಡುವಣದಿಂದ ನೂಕತೈತಿ, ಮೂಗು ಅದರ ಕಡೆ ಕೊಡು,
ಜಗಳಾ ತಗೀಬ್ಯಾಡ."

ಆಮ್ಯಾಲೊಂದ ಮುಂಜಾನೆ, ಹೇಳದ ಕೇಳದ,
ಎಂಜಿನ್ ನಡದಿರುವಾಗನ ಬಾಗಲಾ ತಗದು ಇಳಿಯೂದು.
ಖಾಲಿ ಕುರ್ಚಿಗೆ ಬೆಲ್ಟ್ ಬಿಗಿಯೂದು, ಜೋತಾಡಬಾರದಂತ.
"ನಾ ಇಲ್ದ ಹಗುರ ಇರತೈತಿ, ಲಗೂನ ಏಳತೈತಿ. ಹೆದರಬ್ಯಾಡ."
ಇಷ್ಟ ಅಂದು ಹುಲ್ಲಿನ್ಯಾಗ ನಿಂತು
ಅವರು ತಿರುಗಿ ನೆಲಾ ಮುಟ್ಟೂತನಕ ಉಸರಾ ಹಿಡಿಯೂದು.
ಎಂಬತ್ತೊಂದು ಸಲ.
ಎದಿ ಕೆಟ್ಟದ್ದು ಅಲ್ಲೇ, ಅಂತಾಳ ನನ್ನ ಹೆಂಡ್ತಿ.

ಈಗ ಹೊಸಬರ ಜೋಡಿ ಏರೂ ಹಂಗಿಲ್ಲ.
ಅಂವಗ ಲೈಸನ್ಸಿಲ್ಲ, ನನಗ ಪೂರಾ ಎದಿಯಿಲ್ಲ.
ಇಬ್ರನ್ನೂ ಕೂಡಿಸಿದ್ರೂ ಒಬ್ಬ ಪೈಲಟ್ ಆಗಂಗಿಲ್ಲ, ಕಾಯ್ದೆದಾಗ.

ಅದಕ್ಕ ಹ್ಯಾಂಗರಿನ ಹಿಂದ, ಬೇವಿನ ನೆಳ್ಳಾಗ
ಎರಡು ಪ್ಲಾಸ್ಟಿಕ್ ಕುರ್ಚಿ, ನಡುವ ಒಂದ ಕಸಬರಿಗಿ ಕೋಲು.
ಗದಗಿನ ಹುಡುಗ ಮೈಲಾರಿ ಕಣ್ಣು ಮುಚ್ಚಿ ಕುಂಡ್ರತಾನ.
"ಮುನ್ನೂರು ಅಡಿ. ಎಂಜಿನ್ ನಿಂತತು. ಏನ ಮಾಡ್ತಿ?"
ಕೋಲು ಮುಂದಕ್ಕ ನೂಕತಾನ.
"ಮೂಗು ಇಳಿಸಿ ಎದುರಿಗೇ ಹೊಲಾ ಹುಡಕತೇನಿ, ಸರ್."
"ಯಾವ ಹೊಲಾ?"
"ಕಡ್ಲಿದ್ದು. ಹತ್ತಿ ಬ್ಯಾಡ್ರಿ, ಗಿಡದಾಗ ಗಾಲಿ ಸಿಗತಾವು."
"ಎರಿ ಹೊಲಾ, ನಿನ್ನೆ ಮಳಿ ಆಗೇತಿ?"
ಕಣ್ಣು ಮುಚ್ಚಿದಾಂವ ಬೆವರತಾನ.
ಚಾದ ಹುಡುಗ ಕಿಟ್ಲಿ ಹಿಡಕೊಂಡು ನಿಂತು ಕೇಳತಾನ:
"ಕುರ್ಚಿ ಇವತ್ತ ಎಷ್ಟ ಎತ್ತರ ಹೋತ್ರಿ, ಸರ್?"

ಮೊನ್ನೆ ನಫೀಸಾ ಬಂದ್ಳು, ದುರ್ಗದಬೈಲಿನ ಬಳಿಗಾರರ ಮಗಳು,
ಆ ಎಂಬತ್ತೊಂದರಾಗ ಅರವತ್ತೆರಡನೇದಾಕಿ.
ಲೈಸನ್ಸ್ ಐತಿ. ಈಗ ಕಲಿಸೂದು ಕಲೀಬೇಕಂತ.
ಕಲಿಸಾಕಿ ಬಲಗಡೆ ಕುಂಡ್ರಬೇಕು.
ಅಲ್ಲಿ ರೆಕ್ಸಿನ್ನು ನನ್ನ ಮೈ ಬಿದ್ದು ಬಿದ್ದು ತಗ್ಗಾಗೇತಿ,
ಅಕಿ ಒಂದ ದಿಂಬು ಇಟಗೊಂಡ್ಳು.
ನಾ ಎಡಕ್ಕ ಕುಂತೆ, ಕಲಿಯಾವರ ಜಾಗಾದಾಗ.
ಹೊಣಿ ಯಾರದು ಅನ್ನೂ ಕಾಲಮಿನ್ಯಾಗ ಅಕಿ ಹೆಸರು.

ಬೆಲ್ಟ್ ಜಗ್ಗಿ ನೋಡಿದ್ಳು, ನಂದು.
"ಗುಳಗಿ ತಗೊಂಡ್ರಿ, ಸರ್?"
"ಅದು ಚೆಕ್‌ಲಿಸ್ಟಿನ್ಯಾಗ ಇಲ್ಲವಾ."
"ನನ್ನದ್ರಾಗ ಐತ್ರಿ."

ತಡಾ ಮಾಡಿ ಎದ್ದಿತು ವಿಮಾನ, ಇಬ್ಬರ ಭಾರಕ್ಕ.
ಕೆರಿ ಮ್ಯಾಲ ಬಂದಾಗ ಅಂದ್ಳು: "ನಿಮ್ಮ ಕೈಗೆ ಕೊಟ್ಟೆ."
"ನನ್ನ ಕೈಯಾಗ ಐತಿ," ಅಂದೆ.
ಎಂಟು ತಿಂಗಳ ಆಗಿತ್ತು ಈ ಮಾತು ಅಂದು.

ಅಕಿ ಕೈ ತೊಡಿ ಮ್ಯಾಲ, ಆರಾಮ.
ಆದ್ರ ಕಿರುಬೆರಳು ಮಾತ್ರ
ಕೋಲಿನ ಬುಡದ ಹಂತೇಲಿ, ಕೂದಲೆಳಿಯಷ್ಟ ದೂರ,
ಕಲಿಯಾಂವಗ ಕಾಣಬಾರದು, ತಪ್ಪಿದ್ರ ಸಿಗಬೇಕು, ಹಂಗ.
ಇದನ್ನ ನಾ ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ.
ಕಂಡಿಲ್ಲ ಅನ್ನೂಹಂಗ ಮುಂದ ನೋಡಿದೆ.

ಬೇವಿನ ಬಾಜೂಕ ಎರಡು ಬಿಳಿ ಚುಕ್ಕಿ.
ಒಂದರ ಮ್ಯಾಲ ಯಾರೋ ಕುಂತಾರ, ಮೈಲಾರಿನ ಇರಬೇಕು,
ನಾವು ತಿರುಗಿದ ಕಡೆ
ಅಂವನೂ ಕಸಬರಿಗಿ ಕೋಲು ವಾಲಿಸ್ತಿರಬೇಕು.